ನಿಂತಾಗ ಕೆಮ್ಮುವ ಮದರ್ ಸುಪೀರಿಯರ್

ಗುಡು ಗುಡು ಗುಡು... ಗುಡ್. ಗುಡು ಗುಡು... ಗುಡ್. ಆಮೇಲೆ ಮೈಯೆಲ್ಲ ಒಮ್ಮೆ ನಡುಗಿ ತಟ್ಟನೆ ಮೌನ. ಆ ಸದ್ದಿನಲ್ಲಿ ಅತ್ಯಂತ ಕೆಟ್ಟದ್ದು ಆ ಮೌನವೇ. ಏಕೆಂದರೆ ಅದರ ಬೆನ್ನಿಗೇ ಮದ್ದೂರಿನ ರೈಲ್ವೆ ಗೇಟಿನ ಮುಂದೆ ನಿಂತ ಕಬ್ಬಿನ ಗಾಡಿಗಳವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದರು. ಒಬ್ಬನಂತೂ ದಿನಾ ಇದಕ್ಕೇ ಕಾಯುತ್ತಿದ್ದ. "ಯಾಕವ್ವಾ, ನಿಂತೋಯ್ತಾ? ನಮ್ಮೆತ್ತು ಕಟ್ಟಾನಾ? ಪೆಟ್ರೋಲು ಬ್ಯಾಡ, ಒಂದೊರೆ ಉಲ್ಲಾಕು ಸಾಕು!" ನಾನು ಕನ್ನಡಕ ಸರಿಮಾಡಿಕೊಂಡು "ನೋ ಥ್ಯಾಂಕ್ಸ್" ಎನ್ನುತ್ತಿದ್ದೆ. ಅದಕ್ಕೆ ಅವನ ಎತ್ತುಗಳೂ ನಗುತ್ತಿದ್ದವೆಂದು ನನಗೆ ಈಗಲೂ ಗುಮಾನಿ.

ಕಾರು ನನ್ನ ತಂದೆಯದು. ಕಣ್ಣು ಮಂಜಾದ ಮೇಲೆ ಕೀಲಿಯನ್ನು ನನ್ನ ಕೈಗಿಟ್ಟು, "ಟೇಕ್ ಹರ್ ಔಟ್ ಎವ್ರಿ ಡೇ" ಎಂದಷ್ಟೇ ಹೇಳಿದ್ದರು. ಕೆನೆಬಣ್ಣದ ಮೈ, ಕಪ್ಪು ಟಾಪು. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ ನನಗೆ ಎದುರಿನಿಂದ ನೋಡಿದರೆ ಥೇಟು ಬಿಳಿ ನಿಲುವಂಗಿ, ಕಪ್ಪು ಮುಸುಕಿನ ನಮ್ಮ ಹಿರಿಯ ನನ್, ಮದರ್ ಸುಪೀರಿಯರ್. ಆಕೆಯೂ ಹಾಗೇ. ಕಾರಿಡಾರಿನಲ್ಲಿ ನಡೆಯುತ್ತಿರುವಷ್ಟು ಹೊತ್ತು ಸದ್ದೇ ಇಲ್ಲ, ನಿಂತರೆ ಕೆಮ್ಮು. ಕೆಮ್ಮು ಕೇಳಿಸಿತೆಂದರೆ ಯಾರೋ ಒಬ್ಬಳು ತಪ್ಪು ಮಾಡಿದ್ದಾಳೆಂದೇ ಅರ್ಥ. ಹಾಗಾಗಿ ಕಾರಿಗೂ ಅದೇ ಹೆಸರು ನಿಂತಿತು.

ಈ ನಲವತ್ತು ವರ್ಷದ ಹಳೆಯ ಕೆಮ್ಮು ಕಳೆದ ವಾರ ಮಂಡ್ಯದ ನಮ್ಮ ಮನೆಯ ಗೇಟಿನಲ್ಲೇ ಮತ್ತೆ ಕೇಳಿಸಿತು ನೋಡಿ. ನಮ್ಮ ಯಜಮಾನರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ತಲೆ ಎತ್ತದೆ, "ಹೋಯ್ತಾ ನಿಮ್ಮ ಮದರ್ರು?" ಎಂದರು. ದನಿಯಲ್ಲಿ ದುಃಖವೇನೂ ಇರಲಿಲ್ಲ. ಹೈವೇ ಪಕ್ಕದಲ್ಲಿ ಹೊಸ ಹೋಟೆಲು ತೆರೆದವರೊಬ್ಬರು ಕಾರು ಕೊಡಿ ಎಂದು ಎರಡು ತಿಂಗಳಿಂದ ಇವರ ಬೆನ್ನು ಬಿದ್ದಿದ್ದರು. ಕಾರಿನ ಇಂಜಿನ್ ತೆಗೆದು, ಡಿಕ್ಕಿಯಲ್ಲಿ ಹೂವಿನ ಗಿಡ ನೆಟ್ಟು, ಬಾಗಿಲ ಮುಂದೆ ನಿಲ್ಲಿಸುತ್ತಾರಂತೆ. ದೋಸೆ ತಿಂದವರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳಬೇಕಂತೆ.

"ಭಾನುವಾರ ನೋಡೋಕೆ ಬರ್ತಾರೆ," ಎಂದರು ಇವರು. "ಅಷ್ಟರಲ್ಲಿ ನಿನ್ನ ಕಾರು ನಿಂತ ಜಾಗದಲ್ಲಿ ಐದು ನಿಮಿಷ ಆಫ್ ಆಗದೆ ಓಡಿದರೆ, ಕಾಫಿ ಕೊಟ್ಟು ಕಳಿಸಿಬಿಡ್ತೀನಿ. ಇಲ್ಲದಿದ್ದರೆ ಕೊಟ್ಟುಬಿಡೋಣ. ಈ ವಯಸ್ಸಲ್ಲಿ ನಡುರಸ್ತೇಲಿ ಕೂತ್ಕೊಂಡು ಹಾರನ್ ಕೇಳಿಸ್ಕೋಬೇಕಾ ನೀನು?"

ಫೇರ್ ಎನಫ್ ಎಂದುಕೊಂಡೆ. ಸರ್ವಿಸ್ ಸೆಂಟರಿಗೆ ಒಯ್ದೆ. ಟೈ ಕಟ್ಟಿದವರೊಬ್ಬರು ಕೈಯಲ್ಲಿ ಸ್ಕ್ಯಾನರಿನ ಪ್ಲಗ್ಗು ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗೆಲ್ಲ ತಡಕಿ, ಕೊನೆಗೆ ಎದ್ದು ನಿಂತು ಮರುಕದಿಂದ ಹೇಳಿದರು: "ಮೇಡಂ, ಇದಕ್ಕೆ ಚುಚ್ಚೋಕೆ ಜಾಗಾನೇ ಇಲ್ವಲ್ಲ!" ಅಯ್ಯೋ ಪಾಪ, ಮದರ್ ಸುಪೀರಿಯರ್‌ಗೆ ಚುಚ್ಚಲು ಜಾಗ ಹುಡುಕಿದವರಲ್ಲಿ ಇವರೇ ಮೊದಲಿಗರಲ್ಲ.

ನಲವತ್ತು ವರ್ಷದ ಹಿಂದೆ, ಈ ಕೆಮ್ಮು ಮೊದಲು ಶುರುವಾದಾಗ, ನಾವು ಮದ್ದೂರಿನಲ್ಲಿದ್ದೆವು. ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುವುದು. ಆ ಹಾದಿಯೆಂದರೆ ನನಗೆ ಪ್ರಾಣ. ಮನೆಯಲ್ಲಿ ಅತ್ತೆ, ಶಾಲೆಯಲ್ಲಿ ಹೆಡ್‌ಮಾಸ್ಟರು. ನಡುವೆ ಗದ್ದೆ, ಕಬ್ಬು, ನಾನು, ಸ್ಟಿಯರಿಂಗು. ಸಾರಿಗೆ ಉಪ್ಪು ಸಾಕಾ ಎಂದು ಯಾರೂ ಕೇಳದ ಜಾಗ ನನ್ನ ಬದುಕಿನಲ್ಲಿ ಅದೊಂದೇ ಇತ್ತು.

ಕಾಯಿಲೆಯ ಲಕ್ಷಣ ವಿಚಿತ್ರವಾಗಿತ್ತು. ಬೆಳಿಗ್ಗೆ ತಣ್ಣಗಿರುವಾಗ ಸರಿ. ಓಡುವಾಗಲೂ ಸರಿ. ಇಂಜಿನ್ ಬಿಸಿಯಾದ ಮೇಲೆ ಎಲ್ಲಾದರೂ ನಿಂತೆವೋ, ಗುಡು ಗುಡು ಗುಡ್. ಮಂಡ್ಯದಲ್ಲಿ ಮೂವರು ಮೆಕ್ಯಾನಿಕ್ಕುಗಳಿಗೆ ತೋರಿಸಿದೆ. ಮೂವರೂ ಕಾರ್ಬ್ಯುರೇಟರಿನ ಒಂದೇ ಸ್ಕ್ರೂವನ್ನು ತಿರುಗಿಸಿ, ಐಡ್ಲಿಂಗ್, ಅಂದರೆ ನಿಂತಾಗಿನ ಇಂಜಿನ್ ವೇಗ, ಏರಿಸಿ ಕಳಿಸಿದರು. ನೋಡಿ ನೋಡಿ ನಾನೂ ಕಲಿತೆ. ಪರ್ಸಿನಲ್ಲಿ ಲಿಪ್‌ಸ್ಟಿಕ್ ಪಕ್ಕ ಸ್ಕ್ರೂಡ್ರೈವರ್ ಬಂತು. ದಿನಕ್ಕೊಂದು ಸುತ್ತು. ಕೊನೆಕೊನೆಗೆ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು ತಾನಾಗಿಯೇ ಮಳವಳ್ಳಿಗೆ ಹೊರಡುವಷ್ಟು ಅಬ್ಬರಿಸುತ್ತಿತ್ತು. ಆದರೂ ನಿಂತರೆ ಸಾಯುತ್ತಿತ್ತು. ಬೇಸಿಗೆ ರಜೆಯಲ್ಲೊಮ್ಮೆ ನೆಂಟರನ್ನು ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ದಾಗ ಹುಣಸೆಮರದ ಕೆಳಗೆ ಆಫ್ ಆಗಿಹೋಯಿತು. ಮೇಲೆ ಕೂತಿದ್ದ ಕೊಕ್ಕರೆಗಳೆಲ್ಲ ಕೊಕ್ಕು ಬಡಿದವು. ಚಪ್ಪಾಳೆಯೆಂದರು ನಮ್ಮ ಯಜಮಾನರು. ಕಾರಿನ ಮೇಲೆ ಬಿದ್ದದ್ದು ಚಪ್ಪಾಳೆಯಷ್ಟೇ ಅಲ್ಲ, ಬಿಡಿ.

ಆ ಸಂಜೆಯೇ ಅವರು ಮೊದಲ ಸಲ ಈ ಐದು ನಿಮಿಷದ ಷರತ್ತು ಹಾಕಿದ್ದು. ಆಯುಧಪೂಜೆಯೊಳಗೆ ಸರಿಹೋಗದಿದ್ದರೆ ಗುಜರಿಗೆ, ನನಗೆ ಬಸ್ಸು. ನೋಡನೋಡುತ್ತ ಮೂರೇ ವಾರ ಉಳಿಯಿತು. ನನ್ನ ಕಷ್ಟ ನೋಡಲಾರದೆ ಶಾಲೆಯ ಜವಾನರೇ ಹೇಳಿದರು: "ಕೊಪ್ಪದ ಜವರಣ್ಣಂಗೆ ತೋರ್ಸಿ ಮೇಡಂ. ಕಿವಿ ಕೊಟ್ಟು ಕೇಳ್ತನೆ, ಕಾಯ್ಲೆ ಯೋಳ್ತನೆ."

ಜವರಣ್ಣನವರ ಶೆಡ್ಡು ಹೊಂಗೆಮರದ ಕೆಳಗಿತ್ತು. ಒಳಗೆ ಗೋಡೆಯ ಮೇಲೆ ಬುದ್ಧನದೊಂದೇ ಪಟ. ನಾನು ಹೋಗುತ್ತಲೇ ಇಂಗ್ಲಿಷಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ರೋಗದ ಹಿಸ್ಟರಿ ಶುರುಮಾಡಿದೆ. ಅವರು ಕೈ ಎತ್ತಿದರು.

"ಸುಮ್ಕಿರವ್ವ ಒಸಿ. ನೀನೂ ಮಾತಾಡುದ್ರೆ, ಅದೂ ಮಾತಾಡುದ್ರೆ, ನಾನ್ಯಾರ್ದು ಕೇಳ್ಲಿ?"

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರು. ಡಾಕ್ಟರಂತೆ ಅಲ್ಲ, ಗೋಡೆಯಾಚೆಯ ಜಗಳ ಕೇಳುವವರಂತೆ. ಆಮೇಲೆ ಎದ್ದು, ನನ್ನ ಸ್ಕ್ರೂವನ್ನು ಪೂರಾ ಹಿಂದಕ್ಕೆ ತಿರುಗಿಸಿ, "ಇದ ತಿರುವಿದ್ಯಾರು?" ಎಂದರು. ನಾನು ಕಬ್ಬಿನ ಗದ್ದೆ ನೋಡಿದೆ.

"ಎಲ್ಲೋ ಕಳ್ಳಗಾಳಿ ನುಗ್ತಾ ಅದೆ ಕಣವ್ವ. ಓಡುವಾಗ ಒಟ್ಟೆ ತುಂಬ ಉಸ್ರು ಎಳ್ಕತದೆ, ಗೊತ್ತಾಗಾಕಿಲ್ಲ. ನಿಂತಾಗ ಎಳ್ಕಳಾದೇ ಒಂದ್ ಗುಟುಕು. ಅದ್ರಾಗೆ ಕಳ್ಳಗಾಳೀನೂ ಸೇರ್ಕಂಡ್ರೆ ಪೆಟ್ರೋಲು ತೆಳ್ಳಗಾಯ್ತದೆ, ಕೆಮ್ತದೆ." ಹೀಗೆನ್ನುತ್ತ ಇಂಜಿನ್ನಿನ ಮೇಲೆ ಜಿನುಗಿದ್ದ ಪೆಟ್ರೋಲನ್ನೆಲ್ಲ ಒರೆಸಿ, ಗೋಣಿಚೀಲ ಒದ್ದೆ ಮಾಡಿ ಪಕ್ಕಕ್ಕಿಟ್ಟು, ಒಂದು ಊದುಬತ್ತಿ ಹಚ್ಚಿದರು.

ನನ್ನೊಳಗಿನ ಕಾನ್ವೆಂಟು ಎದ್ದು ನಿಂತಿತು. "ರೀ ಜವರಣ್ಣ, ಇದು ಮೆಶೀನು. ಇದಕ್ಕೆ ಸೈನ್ಸ್ ಬೇಕು, ಪೂಜೆಯಲ್ಲ. ಇಂಥ ಸೂಪರ್‌ಸ್ಟಿಷನ್ನೆಲ್ಲ ನಾನು ನಂಬೋದಿಲ್ಲ," ಎಂದು ಐದು ನಿಮಿಷ ಭಾಷಣ ಬಿಗಿದೆ. ಎಂಟನೇ ಕ್ಲಾಸಿಗೆ ಕೊಡುವ ಭಾಷಣವೇ, ಅಭ್ಯಾಸವಿತ್ತು.

ಜವರಣ್ಣ ಪೂರ್ತಿ ಕೇಳಿಸಿಕೊಂಡರು. "ಆಯ್ತಾ? ನಾವು ಪೂಜೆ ಬುಟ್ಟು ಬೋ ವರ್ಸ ಆಯ್ತು ಕಣವ್ವ. ಇದು ದೇವ್ರಿಗಲ್ಲ, ಗಾಳಿ ನೋಡಾಕೆ. ಬಾ ಇಲ್ಲಿ, ಈ ರಟ್ಟ ಇಡ್ಕ. ಫ್ಯಾನಿನ ಗಾಳಿ ಒಗೆಗೆ ತಾಗಬಾರ್ದು."

ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫ್ಯಾನಿಗೆ ಅಡ್ಡಲಾಗಿ ರಟ್ಟು ಹಿಡಿದು ನಿಂತೆ. ಅವರು ಇಂಜಿನ್ ಆರದಂತೆ ಒಂದು ಕೈಯಲ್ಲಿ ಆಕ್ಸಿಲರೇಟರ್ ತಂತಿ ಎಳೆದು ಹಿಡಿದು, ಇನ್ನೊಂದರಲ್ಲಿ ಊದುಬತ್ತಿಯನ್ನು ಒಂದೊಂದೇ ಜಾಯಿಂಟಿನ ಹತ್ತಿರ ಮೆಲ್ಲಗೆ ಒಯ್ದರು. ಹೊಗೆ ಎಲ್ಲ ಕಡೆ ನೆಟ್ಟಗೆ ಮೇಲೇರುತ್ತಿತ್ತು. ಬೆರಳುದ್ದದ ಒಂದು ರಬ್ಬರ್ ಪೈಪಿನ ಹತ್ತಿರ ಬಂದದ್ದೇ ತಡ, ಹೊಗೆಯ ಎಳೆ ಸೊಂಟ ಬಳುಕಿಸಿ, ಅಡ್ಡಕ್ಕೆ ಹರಿದು, ಪೈಪಿನೊಳಕ್ಕೆ ಮಾಯವಾಯಿತು. ಜವರಣ್ಣ ತಂತಿ ಬಿಟ್ಟು ಆ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರು. ಗುಡು ಗುಡು ಗುಡ್ ಹೋಗಿ, ಇಂಜಿನ್ ರೇಷ್ಮೆಯಂತೆ ಹಾಡಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದೆ.

ಇಂಜಿನ್ ಆರಿಸಿ ಪೈಪು ಬಿಚ್ಚಿದರು. ಅದರ ಸುತ್ತ ಬಿಗಿಯಾಗಿ ಕಟ್ಟಿದ ಒಂದು ನೈಲಾನ್ ದಾರ ರಬ್ಬರನ್ನೇ ಕೊಯ್ದು ಒಳಗೆ ಹೂತಿತ್ತು. ದಾರದಲ್ಲಿ ಸುಟ್ಟು ಕಪ್ಪಾದ ಎರಡು ಸೇವಂತಿಗೆ ಎಸಳು.

"ಇದ್ಯಾರವ್ವ ಆರ ಕಟ್ಟಿದ್ದು?"

ಏನು ಹೇಳಲಿ? ಹಿಂದಿನ ವರ್ಷ ಆಯುಧಪೂಜೆಯ ದಿನ ಬೀದಿಯವರೆಲ್ಲ ಬಾನೆಟ್ಟಿನ ಮೇಲೆ ಹಾರ ಹಾಕಿದಾಗ, "ನಿಜವಾಗಿ ದುಡಿಯೋದು ಇಂಜಿನ್ನು. ಹಾರ ಅದಕ್ಕೆ ಸಲ್ಲಬೇಕು," ಎಂದು ಪ್ರವಚನ ಕೊಟ್ಟು, ಬಾನೆಟ್ ಎತ್ತಿ, ಸಿಕ್ಕ ಪೈಪಿಗೆ ಮೂರು ಗಂಟು ಹಾಕಿ ಕಟ್ಟಿದವಳು ಸಾಕ್ಷಾತ್ ನಾನೇ. ಮರುದಿನ ಹೂವು ಕಿತ್ತೆಸೆದಿದ್ದೆ. ಗಂಟು ಮರೆತಿದ್ದೆ. ಇಂಜಿನ್ ಬಿಸಿಯಾದಾಗಲೆಲ್ಲ ರಬ್ಬರು ಮೆತ್ತಗಾಗಿ ಸೀಳು ಬಾಯಿ ತೆರೆಯುತ್ತಿತ್ತು.

ಜವರಣ್ಣ ದಾರವನ್ನು ಬೆಳಕಿಗೆ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೆಕಾನಿಕ್ಕು ಸೈನ್ಸು ಮಾಡ್ದ, ಮೇಡಮ್ಮೋರು ಪೂಜೆ ಮಾಡುದ್ರು! ಊರ್ಗೆಲ್ಲ ಯೋಳ್ಬೇಕು ಕಣವ್ವ ಇದ!" ಹೊಸ ಪೈಪು ಹಾಕಿಕೊಟ್ಟು, ಊರಿಗೆಲ್ಲ ಹೇಳಿದರು ಕೂಡ. ಮುಂದಿನ ಸೋಮವಾರ ರೈಲ್ವೆ ಗೇಟಿನಲ್ಲಿ ಕಬ್ಬಿನ ಗಾಡಿಯವನು, "ಈ ಸತಿ ಆರ ನಮ್ಮೆತ್ತಿಗೆ ಆಕ್ಬುಡವ್ವ, ಅವ್ಕೇನೂ ಆಗಾಕಿಲ್ಲ!" ಎಂದ. ನನ್ನ ಕಾರು ಅವನ ಪಕ್ಕದಲ್ಲಿ ಆಫ್ ಆಗದೆ ಗುನುಗುತ್ತ ನಿಂತಿತ್ತು. ಏನು ಬೇಕಾದರೂ ಅನ್ನಲಿ ಎನಿಸಿತು.

ಕಳೆದ ಶನಿವಾರ ಆ ಊದುಬತ್ತಿ ನೆನಪಾಯಿತು. ಪೆಟ್ರೋಲ್ ಒರೆಸಿ, ಒದ್ದೆ ಗೋಣಿಚೀಲ ಪಕ್ಕಕ್ಕಿಟ್ಟು, ಯಜಮಾನರ ಕೈಗೆ ರಟ್ಟು ಕೊಟ್ಟೆ. "ಇದೇನು, ನಾನು ಜವರಣ್ಣನ ಅಸಿಸ್ಟೆಂಟಾ?" ಎಂದರು. "ನನ್ನ ಅಸಿಸ್ಟೆಂಟ್," ಎಂದೆ. ಹೊಗೆ ಬಳುಕಿದ್ದು ಅದೇ ಪೈಪಿನ ಹತ್ತಿರ. ಈ ಸಲ ದಾರವಿಲ್ಲ. ಬರೀ ವಯಸ್ಸು, ನಮ್ಮಿಬ್ಬರ ಮೊಣಕಾಲಿನ ಹಾಗೆ ಬಿರುಕು. ಇಂಜಿನ್ ಆರಿಸಿ, ಕೆಟ್ಟ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಒತ್ತಿ ಸಿಕ್ಕಿಸಿದೆ.

ಭಾನುವಾರ ಹೋಟೆಲಿನವರು ಬಂದಾಗ ಯಜಮಾನರು ವಾಚು ನೋಡುತ್ತ ಕಾರಿನ ಪಕ್ಕ ನಿಂತರು. ಐದು ನಿಮಿಷ ಆಯಿತು. ಆಮೇಲೂ ನಿಂತೇ ಇದ್ದರು, ಹತ್ತಾಯಿತು. "ಇದು ಓಡ್ತಾ ಇದೆಯಲ್ಲ ಸರ್," ಎಂದು ಹೋಟೆಲಿನವರು ಬೇಸರದಿಂದ ಹೇಳಿದರು. "ಹೌದು, ನನ್ನ ಹೆಂಡತಿ ರಿಪೇರಿ ಮಾಡಿದ್ದು," ಎಂದು ಇವರು ಒಳಗೆ ಕರೆದು ಕಾಫಿ ಕೊಟ್ಟರು.

ಈ ಐದು ನಿಮಿಷವನ್ನು ಜವರಣ್ಣನವರಿಗೆ ಹೇಳುವಂತಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ಕೊನೆಯ ಸಲ ನೋಡಿದ್ದು ಒಂದು ಆಯುಧಪೂಜೆಯ ಮರುದಿನ. ಶೆಡ್ಡು ಮುಚ್ಚಿತ್ತು, ಹೊಂಗೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಯುಷ್ಯವೆಲ್ಲ ಇಂಜಿನ್ನುಗಳಿಗೆ ಕೊಟ್ಟ ಕಿವಿ ಪೂರಾ ಹೋಗಿತ್ತು. ನನ್ನನ್ನು ನೋಡಿ ನಕ್ಕು, "ಆರ ಎಲ್ ಕಟ್ಟಿದ್ಯವ್ವ ಈ ಸತಿ?" ಎಂದರು.

"ಬಾನೆಟ್ ಮೇಲೆ!" ಎಂದು ಕೂಗಿದೆ. ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. ಕೊನೆಗೆ ಎಬ್ಬಿಸಿ, ಕೈಹಿಡಿದು ಕರೆತಂದು, ಅವರ ಅಂಗೈಯನ್ನು ಹಾರದ ಪಕ್ಕ ಬಾನೆಟ್ಟಿನ ಮೇಲೆ ಇಟ್ಟೆ. ಇಂಜಿನ್ ಆನ್ ಇತ್ತು. ಅವರು ಕಣ್ಣು ಮುಚ್ಚಿದರು. ನಾನು ಮಾತಾಡದೆ ನಿಂತೆ. ಆ ಶಿಸ್ತು ಅವರೇ ಕಲಿಸಿದ್ದು.

"ನೆಟ್ಗೆ ಉಸ್ರಾಡ್ತಾ ಅದೆ," ಎಂದರು. "ಓಗು, ಒತ್ತಾಯ್ತು."

ಕೈ ಮಾತ್ರ ತೆಗೆಯಲಿಲ್ಲ. ನಾನು ಒಳಗೆ ಕೂತು, ರಿವರ್ಸ್ ಹಾಕಿ, ಮೆಲ್ಲಗೆ, ತೀರಾ ಮೆಲ್ಲಗೆ ಕಾರನ್ನು ಅವರ ಅಂಗೈಯ ಕೆಳಗಿನಿಂದ ಹಿಂದಕ್ಕೆ ಜಾರಿಸಿದೆ. ರಸ್ತೆಗೆ ತಿರುಗಿಸಿ ಕನ್ನಡಿಯಲ್ಲಿ ನೋಡಿದಾಗ, ಜವರಣ್ಣ ಇನ್ನೂ ಕಣ್ಣು ಮುಚ್ಚಿಯೇ ನಿಂತಿದ್ದರು. ಅಂಗೈ ಬಾನೆಟ್ಟಿನ ಎತ್ತರದಲ್ಲೇ ಗಾಳಿಯಲ್ಲಿತ್ತು.