"ಇಲ್ಲೇ ಐತೆ, ಹೋಗ್ರಿ"

ಗುಡ್ಡ ಹತ್ತಲು ಬರುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅವರಿಗೆ ದಾರಿ ಹೇಳುವ ನಮ್ಮ ಮಾವನವರನ್ನು ಕಂಡರೆ ಮೈ ಉರಿಯುತ್ತಿತ್ತು. ಎಪ್ಪತ್ತರ ದಶಕ, ಹೊಳಲ್ಕೆರೆ ಸೀಮೆಗೆ ನಾನು ಸೊಸೆಯಾಗಿ ಬಂದ ಹೊಸತು. ಬೆಂಗಳೂರಿನವರು ರಾಮಗಿರಿ ಸ್ಟೇಷನ್ನಿನಲ್ಲಿ ಇಳಿದು ನಮ್ಮೂರ ಹಿಂದಿನ ಗುಡ್ಡಕ್ಕೆ ಬರುತ್ತಿದ್ದರು. ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ, ಹೆಗಲಿಗೆ ಹಗ್ಗ. ಕುರಿ ಹತ್ತುವ ಗುಡ್ಡಕ್ಕೆ ಹಗ್ಗ! ನೀರಿಗೆ ಮಾತ್ರ ಅಂಗೈಯಗಲದ ಬಾಟಲಿ.

ಅವರು ದಾರಿ ಕೇಳುತ್ತಿದ್ದುದು ನಮ್ಮ ಜಗಲಿಯಲ್ಲಿ. ಮಾವನವರಿಗೆ ಒಂದು ಶಾಸ್ತ್ರವಿತ್ತು: ಮನೆ ಮುಂದೆ ನಿಂತು ಕೇಳಿದವರಿಗೆ "ಇಲ್ಲ" ಅನ್ನಬಾರದು, "ದೂರ" ಅನ್ನಬಾರದು. ಹೊರಟವರ ಕಾಲು ಕಟ್ಟಿದ ಪಾಪ ಬರುತ್ತದಂತೆ. ಗುಡ್ಡ ಎಷ್ಟು ದೂರ ಎಂದರೆ, "ಇಲ್ಲೇ ಐತೆ, ಒಂದು ಬೀಡಿ ಸೇದೋದ್ರೊಳಗೆ ಹೋಗ್ತೀರಿ." ನೀರು ಸಿಗುತ್ತದಾ ಎಂದರೆ, "ಮ್ಯಾಲೆ ಬಂಡೆ ದೊಣೆ ತುಂಬೈತೆ ಬಿಡ್ರಿ." ಶಿವರಾತ್ರಿ ಕಳೆದ ಮೇಲೆ ಆ ದೊಣೆಯಲ್ಲಿ ಕಾಗೆ ಕೊಕ್ಕು ಅದ್ದುವಷ್ಟೂ ನೀರಿರುತ್ತಿರಲಿಲ್ಲ. ಮಾವನವರು ಗುಡ್ಡ ಹತ್ತಿ ಎಷ್ಟು ಕಾಲವಾಗಿತ್ತೋ, ಆ ಗುಡ್ಡಕ್ಕೇ ಗೊತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ, ನಾನು ಕೆರೆಯಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ಒಂದು ತಂಡ ಈ ಮಾತು ನಂಬಿ ಹತ್ತಿ ಹೋಗಿತ್ತು. ಇಳಿಹೊತ್ತಿಗೆ ವಾಪಸು ಬಂದರು, ಕಾಲೇಜು ಹುಡುಗಿಯೊಬ್ಬಳನ್ನು ಯಾರೋ ಕುರಿಯವನ ಕಂಬಳಿಯಲ್ಲಿ ಹೊತ್ತುಕೊಂಡು. ತುಟಿ ಒಡೆದಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಾಯಿಗೆ ಬಿಟ್ಟ ನೀರು ಒಳಗಿಳಿಯದೆ ಕಟವಾಯಿಯಿಂದ ಹರಿದುಹೋಯಿತು. ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದ ಅವರ ಮುಖಂಡ ಗೊಳೋ ಎಂದು ಅಳುತ್ತಿದ್ದ. ಹಗ್ಗ ಅವನ ಹೆಗಲ ಮೇಲೆ ಸುತ್ತಿದಂತೆಯೇ ಇತ್ತು.

"ಆಸ್ಪತ್ರೆ ಎಷ್ಟು ದೂರ? ಎತ್ಕೊಂಡು ನಡೆದೇ ಹೋಗಬಹುದಾ?" ಎಂದು ಕೇಳಿದ.

"ಇಲ್ಲೇ ಐತೆ," ಅಂದರು ಮಾವನವರು. "ಬರ್ರಿ, ಹೋಗಾಣ."

ಇಂಥ ದಡ್ಡತನಕ್ಕೆ ಶಾಸ್ತ್ರ ಅಂತ ಹೆಸರು ಬೇರೆ, ಅದಕ್ಕಿಷ್ಟು ಮಣ್ಣು ಹಾಕ! ಸೊಸೆಯ ದನಿ ಜಗಲಿಗೆ ಕೇಳಿಸಬಾರದ ಕಾಲ ಅದು. ನಾನು ಹೊಸ್ತಿಲು ದಾಟಿ ಹೊರಗೆ ಬಂದೆ.

"ಸುಳ್ಳು. ದೂರ ಐತೆ. ನಡ್ಕಂಡು ಹೋದ್ರೆ ದಾರ್ಯಾಗೇ ಸಾಯ್ತಾಳೆ. ರೋಡಿಗೆ ಓಡಿ ಲಾರಿ ನಿಲ್ಲಿಸ್ರಿ!"

ನನ್ನ ಗಂಡ ಅಪ್ಪನ ಮುಖವನ್ನೂ ನೋಡದೆ ಓಡಿ, ಅದಿರಿನ ಲಾರಿಯೊಂದನ್ನು ತಡೆದು ನಿಲ್ಲಿಸಿದ. ಹುಡುಗಿ ಉಳಿದಳು.

ಮಾವನವರು ನನ್ನ ಜೊತೆ ಮಾತು ಬಿಟ್ಟರು. ನೀರಿಲ್ಲದೆ ಸಾಯುತ್ತಿದ್ದವಳ ಬಗ್ಗೆ ಅವರ ಬಾಯಲ್ಲಿ ಒಂದು ಮಾತಿಲ್ಲ. ಬಂದವರೆದುರು ನಾನು "ದೂರ" ಅಂದುಬಿಟ್ಟೆನಲ್ಲ, ಅದರಿಂದ ಮನೆ ಮರ್ಯಾದೆ ಹೋಯಿತಂತೆ.