ಅಲೆಗೆರೆಯ ಮೇಡಂ

ಸೇಡಂನ ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಕಂಪ್ಯೂಟರ್ ಮೇಡಂ, ನನ್ನ ಮೊಮ್ಮಗಳಿಗೆ ಪಾಠ ಹೇಳುವಾಗ ಕೀಬೋರ್ಡಿನಲ್ಲಿರುವ ಅಲೆಯಂಥ ಗೆರೆಯನ್ನು ಗಾಳಿಯಲ್ಲಿ ಬೆರಳಿನಿಂದ ಎಳೆಯುತ್ತಿದ್ದರು. ‘ಈ ಗೆರಿ ಅಂದ್ರ ಯಾರು ಕುಂತಾರೋ ಅವರ ಮನಿ’ ಎನ್ನುವುದು ಅವರ ಜಪ. ಮನೆಯೆಂದರೆ ಕಂಪ್ಯೂಟರಿನಲ್ಲಿ ನಮ್ಮ ಫೈಲುಗಳೆಲ್ಲ ಇರುವ ಜಾಗ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಮೊಮ್ಮಗಳಿಗೆ ಮಾತ್ರ ಆಗಿರಲಿಲ್ಲ.

ಒಮ್ಮೆ ಅವಳು ಹೊಸ ಫೋಲ್ಡರ್ ಮಾಡುವ ಆಜ್ಞೆಯಲ್ಲಿ ಆ ಗೆರೆಯನ್ನು ಕೋಟ್ಸ್ ಎಂಬ ಕೊಕ್ಕೆಗಳ ನಡುವೆ ಬರೆದಳು. ಕೊಕ್ಕೆಯೊಳಗಿದ್ದರೆ ಕಂಪ್ಯೂಟರಿಗೆ ಅದು ಮನೆಯಲ್ಲ, ಬರೀ ಗೆರೆ. ಆ ಗೆರೆಯ ಹೆಸರಿನದೇ ಒಂದು ಖಾಲಿ ಫೋಲ್ಡರ್ ಹುಟ್ಟಿತು. ಅದನ್ನು ಅಳಿಸಲು ಹೋದವಳು ಕೊಕ್ಕೆ ಹಾಕುವುದನ್ನೇ ಮರೆತಳು. ಎಂಟರ್ ಒತ್ತುವ ಮೊದಲೇ ಮೇಡಂ ಗಪ್ಪನೆ ಅವಳ ಬೆರಳು ಹಿಡಿದರು.

‘ತಡಿ ತಂಗಿ! ನಿನ್ನ ಪೂರಾ ಮನಿ ಹೋಗ್ತದ. ಪರೀಕ್ಷಾದ ಪ್ರಾಜೆಕ್ಟ್ ಎಲ್ಲಿ ಇಟ್ಟೀದಿ?’

‘ಅದರಾಗೇ ಅದರಿ ಮೇಡಂ.’

‘ಕಸಾ ತೆಗಿ ಅಂದ್ರ ಮನೀನೇ ಕೆಡವಾಕತ್ತೀಯಲ್ಲೇ ಹುಚ್ಚಿ!’ ಎಂದೆ ನಾನು.

ಮೇಡಂ ನಕ್ಕರು, ಬೆರಳು ಬಿಡಲಿಲ್ಲ. ಎಡಗೈಯಿಂದಲೇ ಗೆರೆಗಿಂತ ಮೊದಲು ಒಂದು ಚುಕ್ಕಿ, ಒಂದು ಓರೆಗೆರೆ ಸೇರಿಸಿ ಎಂಟರ್ ಒತ್ತಿದರು; ಹಾಗೆ ಬರೆದರೆ ಅದು ಮನೆಯಲ್ಲ, ಇಲ್ಲೇ ಇರುವ ಆ ಹೆಸರಿನ ಫೋಲ್ಡರ್ ಎಂದರ್ಥ. ಖಾಲಿ ಫೋಲ್ಡರ್ ಅಷ್ಟೇ ಹೋಯಿತು.

‘ಬೆರಳು ಬಿಡ್ರಿ ಮೇಡಂ, ನೋಯಾಕತ್ತದ.’

‘ಮೊದಲು ಪ್ರಾಜೆಕ್ಟ್ ತೆಗೆದು ತೋರ್ಸು.’

ಅವಳೂ ಎಡಗೈಯಲ್ಲೇ ತೆರೆದು ತೋರಿಸಿದಳು. ಎಲ್ಲ ಇತ್ತು. ಆಮೇಲೆಯೇ ಮೇಡಂ ಬೆರಳು ಬಿಟ್ಟರು.