ಚಿಕ್ಕಮ್ಮ ಅಂಟಿಸಿದ ಮುಖ

ನಮ್ಮ ಮನೆಯವರಿಗೆ ಇನ್ನೊಬ್ಬರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೆಂದರೆ ಪಂಚಪ್ರಾಣ. ತಾವು ಮಾತ್ರ ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಚಿಕ್ಕಮ್ಮ ಯಮುನ ವರ್ಷಗಟ್ಟಲೆ ಒಂದೇ ಚಿತ್ರದ ಮುಂದೆ ಕುಳಿತು ಯಾಕೆ ಹಲ್ಲು ಕಡಿದಳು ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಮೂರ್ನಾಡಿನಿಂದ ಒಂದು ಏರು ಹತ್ತಿ ಇಳಿದರೆ ನಮ್ಮ ಮನೆ. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ. ನನ್ನನ್ನು ಹೆತ್ತವಳು ಹೊನ್ನಮ್ಮ. ಆ ಬಾಣಂತನದಲ್ಲೇ ಅವಳು ತೀರಿಹೋದಳು. ಕೂಸನ್ನು ಸಾಕಲು ಜನ ಬೇಕಲ್ಲ ಎಂದು ಹಿರಿಯರು ಸೇರಿ ಅವಳ ತಂಗಿ ಯಮುನಳನ್ನೇ ನನ್ನ ಅಪ್ಪ ಉತ್ತಯ್ಯನಿಗೆ ಕಟ್ಟಿದರು. ಅಕ್ಕನ ಗಂಡನನ್ನು ಭಾವ ಎಂದು ಕರೆದು ರೂಢಿಯಾಗಿದ್ದ ಚಿಕ್ಕಮ್ಮ, ತಾಳಿ ಕಟ್ಟಿಸಿಕೊಂಡ ಮೇಲೂ ಭಾವ ಎಂದೇ ಕರೆದಳು. ನಾನು ಅವಳನ್ನು ಚಿಕ್ಕಮ್ಮ ಎಂದೆ. ನಮ್ಮ ಮನೆಯಲ್ಲಿ ಅವ್ವ ಎನ್ನಿಸಿಕೊಳ್ಳಲು ಯಾರೂ ಇರಲಿಲ್ಲ.

ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ ಬರುತ್ತದೆ. ನಡುಮನೆಯ ಗೋಡೆಯ ಮೇಲೆ ಫೋಟೋಗಳ ಸಾಲು: ಅಜ್ಜ, ಅಜ್ಜನ ತಮ್ಮ, ಸಿಪಾಯಿಯಾಗಿ ಪಟಾಳಂಗೆ ಹೋಗಿ ತೀರಿಕೊಂಡ ದೊಡ್ಡಪ್ಪ. ಅವರವರ ಫೋಟೋದ ಕೆಳಗೆ ಅವರವರ ಬಾಳೆಲೆ, ಅನ್ನ, ಹಂದಿ ಸಾರು, ಒಂದು ಗ್ಲಾಸು ಸಾರಾಯಿ. ಕೊನೆಯ ಎಲೆ ನನ್ನ ಅವ್ವನದು. ಅದರ ಮೇಲ್ಗಡೆ ಫೋಟೋ ಇಲ್ಲ, ಬರೀ ಸುಣ್ಣ ಬಳಿದ ಗೋಡೆ. ಫೋಟೋ ಹಿಡಿಸಿದರೆ ಆಯುಷ್ಯ ಕಮ್ಮಿಯಾಗುತ್ತದೆ ಎಂದು ಅಪ್ಪನ ತಾಯಿ ಪೊನ್ನಮ್ಮಜ್ಜಿ ಮದುವೆಯ ದಿನವೂ ಅವಳ ಫೋಟೋ ತೆಗೆಯಲು ಬಿಟ್ಟಿರಲಿಲ್ಲವಂತೆ. ಫೋಟೋ ಇಲ್ಲದೆಯೂ ಆಯುಷ್ಯ ಕಮ್ಮಿಯಾಯಿತಲ್ಲ, ಅದನ್ನು ಅಜ್ಜಿಯ ಹತ್ತಿರ ಕೇಳುವವರು ಯಾರು!

ನನಗೆ ಹನ್ನೆರಡೋ ಹದಿಮೂರೋ ಇರಬೇಕು. ಒಂದು ವರ್ಷ ಎಡೆ ಇಟ್ಟು ಎಲ್ಲರೂ ಕೈಮುಗಿದು ನಿಂತಾಗ ನಾನು ಕೇಳಿಬಿಟ್ಟೆ. "ಅವ್ವ ನೋಡ್ಲಿಕ್ಕೆ ಹೇಗಿದ್ದಳು?"

ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಚಿಕ್ಕಮ್ಮ ಮಾತ್ರ ನನ್ನ ಕಡೆ ತಿರುಗಿ, "ನಾ ತೋರಿಸ್ತೇನೆ, ಇರು" ಎಂದಳು.

ಚಿಕ್ಕಮ್ಮನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಆದರೆ ಕತ್ತರಿ ಹಿಡಿದರೆ ಅವಳ ಕೈ ತಪ್ಪುತ್ತಿರಲಿಲ್ಲ. ತವರಿನಲ್ಲಿದ್ದಾಗ ಹಬ್ಬ ಬಂದರೆ ಬಣ್ಣದ ಕಾಗದ ಕತ್ತರಿಸಿ ಗೋಡೆಗೆ ನವಿಲು, ಹೂಬಳ್ಳಿ ಅಂಟಿಸುತ್ತಿದ್ದವಳು. ಅಕ್ಕನನ್ನೂ ಹಾಗೆಯೇ ಮಾಡುತ್ತೇನೆ ಎಂದು ಹೊರಟಳು. ಅಡಿಯಲ್ಲಿ ಸೀರೆ ಡಬ್ಬಿಯ ರಟ್ಟು. ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವ ಖಾಕಿ ಕಾಗದವನ್ನು ಹರಿದು ಹರಿದು ಮುಖದ ಚರ್ಮ. ಗಲ್ಲದ ನೆರಳಿಗೆ ಕಾಫಿ ಕಷಾಯ ಬಳಿದಳು, ಹುಬ್ಬಿಗೆ ದೀಪದ ಮಸಿ, ತುಟಿಗೆ ಕೆಮ್ಮಣ್ಣು. ಸೀರೆ ಕೆಂಪು ಕಾಗದದ್ದು, ಅಂಚಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ. ನೋಡಲಿಕ್ಕೆ ಚಂದವೇ ಇತ್ತು. ಸಂಕಟ ಶುರುವಾದದ್ದು ಅಂಟಿನಿಂದ.

ಮೊದಲ ಸಲ ಮೈದಾ ಬೇಯಿಸಿ ಅಂಟಿಸಿದಳು. ಜಿರಲೆಗಳಿಗೆ ಹಬ್ಬವಾಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವ್ವನ ಎಡಗೆನ್ನೆಯೇ ಇಲ್ಲ. ಎರಡನೇ ಸಲ ಹಲಸಿನ ಮೇಣ. ಅದು ಕಾಗದ, ರಟ್ಟು ಬಿಟ್ಟು ಉಳಿದೆಲ್ಲದಕ್ಕೂ ಅಂಟಿತು. ನನ್ನ ಜಡೆಗೆ ಹತ್ತಿದ ಮೇಣ ಬಿಡಿಸಲು ತೆಂಗಿನೆಣ್ಣೆ ಸುರಿದು, ಕೊನೆಗೆ ಒಂದು ಹಿಡಿ ಕೂದಲನ್ನೇ ಕತ್ತರಿಸಬೇಕಾಯಿತು. ನಾನು ಅತ್ತು ರಂಪ ಮಾಡಿದೆ. "ಅತ್ರೆ ನಿನ್ನ ಅವ್ವ ಬರ್ತಾಳಾ? ಸುಮ್ನೆ ಕೂರು!" ಎಂದು ಚಿಕ್ಕಮ್ಮ ಗದರಿ, ಆಮೇಲೆ ತಾನೇ ಹಿತ್ತಿಲಿಗೆ ಹೋಗಿ ಅತ್ತಳು.

ಮೂರನೇ ಸಲದ್ದು ಕೇಳಿ. ಕಾಫಿ ಗಿಡಕ್ಕೆ ಹೊಡೆಯುವ ಮದ್ದಿಗೆಂದು ಅಪ್ಪ ಮೈಲುತುತ್ತ ತಂದು ಅಟ್ಟದಲ್ಲಿಟ್ಟಿದ್ದರು. ಎಲೆಗೆ ಬರುವ ರೋಗವನ್ನೇ ತಡೆಯುವ ಮದ್ದು ಜಿರಲೆಯನ್ನು ತಡೆಯದೆ ಇರುತ್ತದೆಯೇ ಎಂದು ಚಿಕ್ಕಮ್ಮ ಒಂದು ಮುಷ್ಟಿ ಪುಡಿ ಮಾಡಿ ಮೈದಾ ಅಂಟಿಗೆ ಕಲಸಿದಳು. ಲೆಕ್ಕಾಚಾರ ಸರಿಯೇ. ಒಂದು ಜಿರಲೆಯೂ ಹತ್ತಿರ ಸುಳಿಯಲಿಲ್ಲ. ಆದರೆ ಅಂಟು ಒಣಗುತ್ತ ಒಣಗುತ್ತ ಖಾಕಿ ಕಾಗದದ ಒಳಗಿಂದ ಹಸಿರು ಮೇಲಕ್ಕೆ ಬಂತು. ಮೊದಲು ಹಣೆ, ಆಮೇಲೆ ಮೂಗು, ಆಮೇಲೆ ಇಡೀ ಮುಖ.

ಪೊನ್ನಮ್ಮಜ್ಜಿ ಕೋಲೂರಿಕೊಂಡು ಬಂದು ನೋಡಿ ಎದೆ ಬಡಿದುಕೊಂಡರು. "ಅಯ್ಯಯ್ಯೋ, ಹೊನ್ನಮ್ಮನಿಗೆ ವಿಷ ಕುಡಿಸಿದ ಹಾಗೆ ಉಂಟಲ್ಲ! ಕಂಡವರು ಎಂತ ಹೇಳ್ಯಾರು?"

ಚಿಕ್ಕಮ್ಮ ಆ ಚಿತ್ರವನ್ನು ಒಲೆಗೆ ತುರುಕಿದಳು. ಮೈಲುತುತ್ತದ ಉರಿಯೂ ಹಸಿರು. ಅದನ್ನು ಕಂಡು ನನಗೆ ನಗು ಬಂತು, ಅವಳಿಗೆ ಪಿತ್ತ ನೆತ್ತಿಗೇರಿತು. ಆ ದಿನ ನನಗೆ ಸೌಟಿನಲ್ಲಿ ಬಿದ್ದ ಏಟು ಈಗಲೂ ನೆನಪಿದೆ.

ಮುಂದಿನ ವರ್ಷ ಕೊಟ್ಟಿಗೆಯ ಬಾಗಿಲು ಮಾಡಲು ಬಂದ ಪುಟ್ಟಸ್ವಾಮಿ ಎಂಬ ಬಡಗಿ ಒಂದು ತುಂಡು ಸರೇಸು ಕೊಟ್ಟ. ಮರ ಜೋಡಿಸಲು ಬಡಗಿಗಳು ಕಾಯಿಸಿ ಹಚ್ಚುವ ಅಂಟು. ಕಾಯಿಸಿದರೆ ಸತ್ತ ಹೆಗ್ಗಣದ ವಾಸನೆ. ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ಆದರೆ ಅಂಟು ಕಚ್ಚಿ ಹಿಡಿಯಿತು. ಇನ್ನು ಗೆದ್ದೆ ಎಂದುಕೊಂಡಳು ಚಿಕ್ಕಮ್ಮ. ಅಲ್ಲಿಯವರೆಗೆ ತಪ್ಪು ಹೇಳುವವರಿಗೆ ಪೂರ್ತಿ ಮುಖವೇ ಸಿಕ್ಕಿರಲಿಲ್ಲ, ಈಗ ಸಿಕ್ಕಿತು.

ನನ್ನ ಸೋದರಮಾವ ಮೊಣ್ಣಪ್ಪ ಬಂದರು. ಅವ್ವನಿಗೂ ಚಿಕ್ಕಮ್ಮನಿಗೂ ಅಣ್ಣ. ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದರು. "ಎಲ್ಲ ಸರಿ ಯಮುನ. ಆದ್ರೆ ಹಣೆ ಇಷ್ಟು ಅಗಲ ಇರ್ಲಿಲ್ಲ." ಹಣೆ ಸಣ್ಣದಾಯಿತು. ಅಜ್ಜಿ ಬಂದು, ಗಲ್ಲ ಇನ್ನೂ ತುಂಬಿಕೊಂಡಿತ್ತು ಎಂದರು. ಗಲ್ಲ ತುಂಬಿತು. ಮಾವ ಮತ್ತೆ ಬಂದು, ಗಲ್ಲ ಇಷ್ಟು ತುಂಬಿದ ಮೇಲೆ ಹಣೆ ಸಣ್ಣದಾಯಿತು ಎಂದರು. ಇದೆಂಥ ಜನ ಹೇಳಿ! ಒಬ್ಬರಿಗಾದರೂ ಒಂದು ಕಾಗದ ಹರಿದು ಕೊಡುವ ಪುರಸೊತ್ತಿಲ್ಲ, ಬಾಯಿಗೆ ಮಾತ್ರ ಪುರಸೊತ್ತು.

ಅಪ್ಪನದು ಇನ್ನೊಂದು ಬಗೆ. ಪ್ರತಿ ಸಲ ಮುಗಿದಾಗ ಚಿಕ್ಕಮ್ಮ ಚಿತ್ರವನ್ನು ಜಗಲಿಗೆ ತಂದು ಅವರ ಮುಂದೆ ಹಿಡಿಯುತ್ತಿದ್ದಳು. ಅವರು ಒಂದು ಗಳಿಗೆ ನೋಡಿ, "ಹಾಗಲ್ಲ" ಎಂದು ಎದ್ದು ತೋಟಕ್ಕೆ ಹೋಗುತ್ತಿದ್ದರು. ಅಷ್ಟೇ. ಎಲ್ಲಿ ಹಾಗಲ್ಲ, ಏನು ಹಾಗಲ್ಲ, ಒಂದೂ ಇಲ್ಲ. ಚಿಕ್ಕಮ್ಮನಿಗೆ ಬೇರೆ ಯಾರ ಮಾತಿಗಿಂತ ಆ ಮಾತು ಹೆಚ್ಚು. ಅಕ್ಕನೊಟ್ಟಿಗೆ ಸಂಸಾರ ಮಾಡಿದವರು, ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಮತ್ತೆ ಬಿಸಿನೀರು ಹಾಕಿ ಮೂಗು ನೆನೆಸಿ ಕಿತ್ತು, ಹೊಸದು ಅಂಟಿಸುತ್ತಿದ್ದಳು. ಅಂಟಿಸಿ ಕಿತ್ತು, ಅಂಟಿಸಿ ಕಿತ್ತು, ಕಾಗದದ ಮೇಲೆ ಕಾಗದ ಏರಿ ಅವ್ವನ ಮೂಗು ಮುಟ್ಟಿದರೆ ಕೈಗೆ ಸಿಗುವಷ್ಟು ಎದ್ದು ನಿಂತಿತು.

ಇದರ ನಡುವೆ ನನ್ನ ಪಾಡು ಕೇಳಬೇಡಿ. ನನ್ನ ಕಿವಿ ಅವ್ವನದು, ಗದ್ದ ಅವ್ವನದು ಎಂದು ಯಾರೋ ಹೇಳಿದ್ದೇ ತಡ, ಚಿಕ್ಕಮ್ಮ ಹೊತ್ತುಗೊತ್ತಿಲ್ಲದೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದಳು. ಊಟದ ತುತ್ತು ಬಾಯಲ್ಲಿದ್ದರೂ ಸರಿ. "ನಾನೇನು ಸಂತೆಗೆ ತಂದ ಹೋರಿಯಾ, ಹಲ್ಲು ಎಣಿಸ್ಲಿಕ್ಕೆ?" ಎಂದು ಒಮ್ಮೆ ಕೈ ಕೊಸರಿ ಓಡಿದ್ದೆ.

ಒಂದು ದಿನ ಅಜ್ಜಿ ಆಡಬಾರದ ಮಾತು ಆಡಿದರು. ಚಿತ್ರವನ್ನು ದಿಟ್ಟಿಸಿ ನೋಡಿ, "ಇದು ನಿನ್ನದೇ ಮೋರೆ ಅಲ್ವಾ ಯಮುನ? ಅಕ್ಕನ ಜಾಗದಲ್ಲಿ ಕೂತದ್ದು ಸಾಲ್ದು ಅಂತ ಈಗ ಗೋಡೆಗೂ ಏರ್ಬೇಕಾ?" ಎಂದರು.

ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. "ನಾನು ಈ ಮನೆಗೆ ಬರ್ತೇನೆ ಅಂತ ಯಾರ ಕಾಲು ಹಿಡಿದಿದ್ದೆ ಅತ್ತೆ? ನೀವೇ ಬಂದು ಕರೆದದ್ದು" ಎಂದಳು. ಅಲ್ಲೇ ನಿಂತು ಉಗುರಿನಲ್ಲಿ ಆ ಇಡೀ ಮುಖವನ್ನು ಕೆರೆದು ತೆಗೆದಳು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಮರುದಿನ ಮತ್ತೆ ಕಾಗದ ಹರಿಯಲು ಕೂತಳು. ಅಜ್ಜಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಹುಡುಗ ಸಾಂತಪ್ಪ, ಶ್ರೀಮಂಗಲದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹೆಣ್ಣು ಮನೆ ಬಿಟ್ಟು ಹೊರಡುವ ಮೊದಲು ಇರುವ ಹಿರಿಯರ ಕಾಲಿಗೂ ಸತ್ತ ಹಿರಿಯರ ಫೋಟೋಗೂ ನಮಸ್ಕಾರ ಮಾಡಬೇಕು. "ಹೆತ್ತವಳ ಮೋರೆ ಕಾಣದೆ ಈ ಗೂಡೆ ಹೊಸ್ತಿಲು ದಾಟ್ಲಿಕ್ಕೆ ನಾ ಬಿಡೂದಿಲ್ಲ" ಎಂದು ಚಿಕ್ಕಮ್ಮ ಹಟ ಹಿಡಿದಳು. ಗೂಡೆ ಎಂದರೆ ನಮ್ಮ ಕಡೆ ಹುಡುಗಿ. ಲಾಡು ಕಟ್ಟುವ ಕೆಲಸ, ಅಕ್ಕಿ ಆರಿಸುವ ಕೆಲಸ ಎಲ್ಲ ಬಿದ್ದಿದ್ದರೂ ಅವಳು ಸರೇಸಿನ ಮಡಕೆ ಬಿಡಲಿಲ್ಲ.

ಚಪ್ಪರಕ್ಕೆ ಕಂಬ ನೆಡುತ್ತಿದ್ದ ದಿನ ಬೆಳಿಗ್ಗೆ ಚಿತ್ರವನ್ನು ಜಗಲಿಗೆ ತಂದಳು. ಅಪ್ಪ ನೋಡಿದರು. "ಹಾಗಲ್ಲ" ಎಂದು ಏಳಹೊರಟರು.

ಚಿಕ್ಕಮ್ಮ ಮೆಟ್ಟಿಲಿಗೆ ಅಡ್ಡ ನಿಂತಳು. "ಕೂತ್ಕೊಳ್ಳಿ ಭಾವ. ಇವತ್ತು ಹೇಳಿಯೇ ಹೋಗ್ಬೇಕು. ಯಾವುದು ಹಾಗಲ್ಲ?"

"ಎಲ್ಲ."

"ಎಲ್ಲ ಅಂದ್ರೆ ಎಂತ? ಮೂಗು ಉದ್ದವಾ, ಮೊಂಡವಾ? ಹುಬ್ಬು ಕೂಡಿತ್ತಾ, ಇಲ್ವಾ? ಒಂದು ಹೇಳಿ. ಒಂದೇ ಒಂದು ಹೇಳಿ, ನಾ ಈಗಲೇ ಸರಿ ಮಾಡ್ತೇನೆ."

ಅಪ್ಪ ಕಂಬದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನಂಗೆ ನೆನಪಿಲ್ಲೆ ಯಮುನ."

"ಎಂತ?"

"ಅವಳ ಮೋರೆ ನಂಗೆ ನೆನಪಿಲ್ಲೆ. ನೀನು ಮೊದಲ ಸಲ ತಂದು ತೋರಿಸಿದಾಗಲೇ ಇರ್ಲಿಲ್ಲ. ಹೌದು ಅಂದ್ಬಿಟ್ರೆ ಈ ಕಾಗದವೇ ಅವಳಾಗಿಬಿಡ್ತದೆ. ಅಲ್ಲ ಅಂತಿದ್ರೆ ಒಂದು ದಿನ ಎಲ್ಲಾದ್ರೂ ನೆನಪಾಗ್ತದೇನೋ ಅಂತ ಇದ್ದೆ." ಅವರ ಕಣ್ಣು ತುಂಬಿತ್ತು. ನಾನು ಅಪ್ಪ ಅತ್ತದ್ದು ನೋಡಿದ್ದು ಅದೇ ಮೊದಲು.

ಚಿಕ್ಕಮ್ಮನಿಗೆ ಕರುಣೆ ಬರಲಿಲ್ಲ. ಯಾಕೆ ಬರಬೇಕು? "ಇಷ್ಟು ವರ್ಷ ನನ್ನ ಕೈಯಲ್ಲಿ ಅಕ್ಕನ ಮೂಗು ಕೀಳಿಸಿದ್ರಲ್ಲ!" ಎಂದು ಕಂಬ ನೆಡುವವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದಳು. "ಕೈ ಸುಟ್ಟುಕೊಂಡೆ, ನಿಮ್ಮ ಅವ್ವನ ಬಾಯಲ್ಲಿ ಕೇಳಬಾರದ್ದು ಕೇಳಿದೆ. ನೆನಪಿಲ್ಲೆ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಕಂಬ ನೆಡುವವರ ಕೈಯಿಂದ ಸುತ್ತಿಗೆ ಕಸಿದುಕೊಂಡು ಚಿಕ್ಕಮ್ಮ ಒಳಗೆ ಹೋದಳು. ದೊಡ್ಡಪ್ಪನ ಫೋಟೋದ ಪಕ್ಕದಲ್ಲಿ ತಾನೇ ಮೊಳೆ ಹೊಡೆದು ಚಿತ್ರ ತೂಗುಹಾಕಿದಳು. "ಇವಳೇ ಅಕ್ಕ. ಇನ್ನು ಯಾರಾದ್ರೂ ಅಲ್ಲ ಅಂದ್ರೆ ಸರೇಸು ಹಚ್ಚಿ ಅವರ ಬಾಯಿ ಮುಚ್ಚಿಸ್ತೇನೆ."

ಯಾರೂ ಅಲ್ಲ ಎನ್ನಲಿಲ್ಲ. ಮದುವೆಯ ದಿನ ಚಿತ್ರಕ್ಕೆ ಹೂವು, ಕುಂಕುಮ ಬಿದ್ದದ್ದೇ ತಡ, ಮೊಣ್ಣಪ್ಪ ಮಾವ ಟವೆಲಿನಲ್ಲಿ ಕಣ್ಣೊರಸಿಕೊಂಡು, "ತದ್ರೂಪು ಹೊನ್ನಮ್ಮನೇ" ಎಂದರು. ಆ ಗಲ್ಲ ತಾನು ಹೇಳಿ ಮಾಡಿಸಿದ್ದು ಎಂದು ಅಜ್ಜಿ ಬಂದವರಿಗೆಲ್ಲ ತೋರಿಸಿದರು. ನನಗೆ ಮೈಯೆಲ್ಲ ಉರಿಯಿತು. ನಮಸ್ಕಾರ ಮಾಡಿ ತಲೆ ಎತ್ತಿದಾಗಲೂ ಅವ್ವ ಅನ್ನಿಸಲಿಲ್ಲ, ಕೆನ್ನೆಯಲ್ಲಿ ಎರಡು ಕಾಗದ ಸೇರುವ ಗೆರೆಯೇ ಕಂಡಿತು.

ಆ ಗೆರೆ ಶ್ರೀಮಂಗಲಕ್ಕೂ ನನ್ನ ಜೊತೆ ಬಂತು. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಬಂದಾಗ ಚಿಕ್ಕಮ್ಮ ಅಂಗಳದಲ್ಲಿ ಕಾಫಿ ಒಣಹಾಕುತ್ತಿದ್ದಳು. ಕೈ ಹಿಡಿದು ಅವಳನ್ನು ನಡುಮನೆಗೆ ಎಳೆದು ತಂದೆ. "ಅವರೆಲ್ಲರ ಮಾತು ಬಿಡು. ನೀನು ನಿಜ ಹೇಳು ಚಿಕ್ಕಮ್ಮ. ಅವ್ವ ಹೀಗೇ ಇದ್ದಳಾ?"

"ಹೀಗೇ ಅಂದ್ರೆ ಹೀಗೇ ಅಲ್ಲ" ಎಂದಳು. "ಹತ್ತಿರ ಹತ್ತಿರ."

"ಯಾವುದು ಬೇರೆ? ನಂಗೆ ಹೇಳು, ನಾನು ಮನಸ್ಸಲ್ಲೇ ಸರಿ ಮಾಡ್ಕೊಳ್ತೇನೆ."

ಅವಳು ಕಣ್ಣು ಮುಚ್ಚಿ ನಿಂತಳು. ಕಣ್ಣು ತೆರೆದಳು, ಇನ್ನೊಮ್ಮೆ ಬಿಗಿಯಾಗಿ ಮುಚ್ಚಿದಳು. ಆಮೇಲೆ ನನ್ನ ಕೈಯನ್ನು ನೋವಾಗುವ ಹಾಗೆ ಹಿಡಿದುಕೊಂಡಳು.

"ಇದೇ ಬರ್ತದೆ ಗೂಡೆ. ಕಣ್ಣು ಮುಚ್ಚಿದ್ರೂ ಇದೇ ಕಾಗದ ಬರ್ತದೆ. ಮೊಳೆ ಹೊಡೆಯುವ ದಿನದವರೆಗೂ ಅಕ್ಕ ನಂಗೆ ಕಾಣ್ತಿದ್ದಳು."